ತಕ್ಕಡಿ ಮತ್ತು ಭೂತಗನ್ನಡಿ

ಲೋಹದಲ್ಲಿ ಎರಕ ಹೊಯ್ದ ಪ್ರಾಣಿಯೊಂದನ್ನು ಕೈಗೆತ್ತಿಕೊಂಡಾಗ ನಾವು ಮೊದಲು ನೋಡುವುದು ಏನನ್ನು? ಪ್ರಾಣಿಯನ್ನೇ, ಇನ್ನೇನನ್ನು ಎಂದು ಯಾರಾದರೂ ಹೇಳಿಯಾರು. ಆದರೆ ನಾನು ಕಂಡಂತೆ ಹಾಗಾಗುವುದು ಅಪರೂಪ. ಬಲ್ಲವರು ಅದನ್ನು ಬೋರಲು ಮಾಡಿ ಪೀಠದ ಅಡಿ ನೋಡುತ್ತಾರೆ. ಉಳಿದವರು ಅಂಗೈಯಲ್ಲಿ ಎತ್ತಿ ತೂಕ ನೋಡುತ್ತಾರೆ. ಒಬ್ಬರ ಕೈಯಲ್ಲಿ ಭೂತಗನ್ನಡಿ, ಇನ್ನೊಬ್ಬರ ಕೈಯಲ್ಲಿ ತಕ್ಕಡಿ. ಇವೆರಡರ ನಡುವೆ ಪ್ರಾಣಿ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ ಎಂಬುದೇ ಈ ಬರಹಕ್ಕೆ ಕಾರಣ.

ಭೂತಗನ್ನಡಿಯ ಪರಿಚಯ ನನಗಾದದ್ದು ದಾವಣಗೆರೆಯ ನಿವೃತ್ತ ವೈದ್ಯರೊಬ್ಬರ ಮನೆಯಲ್ಲಿ. ಮಗಳು ಫ್ರಾನ್ಸಿನಲ್ಲಿ ನೆಲೆಸಿದ್ದಾಳೆ. ಅಲ್ಲಿಗೆ ಹೋಗಿಬಂದಾಗಲೆಲ್ಲ ಅವರು ತಂದುಕೊಂಡ ಮೂರು ಪ್ರಾಣಿಗಳು ಈಗ ಹಜಾರದ ಗಾಜಿನ ಬೀರುವಿನಲ್ಲಿವೆ. ಚೆಂಡಿನ ಜೊತೆ ಆಡುತ್ತಿರುವ ಎರಡು ಸಪೂರ ಬೇಟೆನಾಯಿಗಳದ್ದು ಒಂದು, ಒಂದು ಗೂಳಿ, ಒಂದು ನಡೆಯುವ ಹುಲಿ. ಮೂರೂ ಫ್ರೆಂಚ್ ಕಂಚು. ಡಾಕ್ಟರು ಅವುಗಳನ್ನು ತೋರಿಸುವ ಕ್ರಮವೇ ಬೇರೆ. "ಮೇಡಂ, ಮುಖ ಆಮೇಲೆ ನೋಡೋಣ, ಮೊದಲು ಕೆಳಗೆ ನೋಡ್ರಿ" ಎಂದು ಪೀಠವನ್ನು ಮಗುಚುತ್ತಾರೆ. ಎರಕಶಾಲೆಯ ಮುದ್ರೆ ಎಲ್ಲಿದೆ, ಶಿಲ್ಪಿಯ ಸಹಿ ಹೇಗಿದೆ, ತಿರುಪುಮೊಳೆ ಹಳೆಯದೋ ಹೊಸದೋ ಎಂದು ವಿವರಿಸುತ್ತಾರೆ. ಕೇಳಲು ಸೊಗಸಾಗಿರುತ್ತದೆ. ಒಂದು ಜಾಣ ರೋಗಪರೀಕ್ಷೆಯಂತಿರುತ್ತದೆ.

ಈ ಪ್ರಾಣಿಗಳ ಹಿನ್ನೆಲೆಯನ್ನು ಓದುಗರಿಗೆ ಸ್ವಲ್ಪ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಶಿಲ್ಪ ಎಂದರೆ ಮನುಷ್ಯ, ದೇವತೆ, ವೀರ. ಪ್ರಾಣಿ ಅವರ ಕಾಲಬುಡದಲ್ಲಿರಬೇಕಾದದ್ದು. ಅಂಥ ಕಾಲದಲ್ಲಿ ಅಕ್ಕಸಾಲಿಗನ ಮಗನಾದ ಆಂಟ್ವಾನ್ ಲೂಯಿ ಬಾರೀ (1795–1875) ಎಂಬವನು 1831ರ ಪ್ರದರ್ಶನದಲ್ಲಿ ಒಂದು ಹುಲಿ ಮೊಸಳೆಯನ್ನು ಹರಿದು ತಿನ್ನುತ್ತಿರುವ ಶಿಲ್ಪವನ್ನಿಟ್ಟ. ಮೊಸಳೆ ಬೇರೆ ಯಾವುದೂ ಅಲ್ಲ, ನಮ್ಮ ಗಂಗೆಯ ಉದ್ದಮೂತಿಯ ಘರಿಯಾಲ್. ಬಾರೀ ಭಾರತಕ್ಕೆ ಬಂದವನಲ್ಲ. ಪ್ಯಾರಿಸ್ಸಿನ ಸಸ್ಯೋದ್ಯಾನದಲ್ಲಿದ್ದ ಮೃಗಾಲಯದ ಪಂಜರಗಳೆದುರು ಕೂತು ಬರೆದುಕೊಂಡವನು. ಅಲ್ಲಿ ಸತ್ತ ಪ್ರಾಣಿಗಳ ಮೈಯನ್ನು ಕೊಯ್ದಾಗ ಚಿತ್ರಕಾರ ದೆಲಕ್ರ್ವಾನ ಜೊತೆ ಹೋಗಿ ಎಲುಬು, ಸ್ನಾಯುಗಳನ್ನು ಅಳೆದುಕೊಂಡವನು. ಇಂಥವರನ್ನು ವಿಮರ್ಶಕರು ಪ್ರಾಣಿಗಳನ್ನಷ್ಟೇ ಮಾಡುವವರು ಎಂಬರ್ಥದಲ್ಲಿ 'ಅನಿಮಲಿಯೆ' ಎಂದು ಹಂಗಿಸಿದರು. ಹಂಗಿಸಿದ ಮಾತೇ ಮುಂದೆ ಒಂದು ಪಂಥದ ಹೆಸರಾಯಿತು. ಪಿಯೆರ್ ಜೂಲ್ ಮೆನ್, ಅವನ ಅಳಿಯ ಆಗ್ಯೂಸ್ತ್ ಕೇನ್, ರೋಸಾ ಬಾನರ್, ಅವಳ ತಮ್ಮ ಇಸಿದೋರ್ ಎಲ್ಲರೂ ಈ ಸಾಲಿನವರು.

ಇವರ ಪ್ರಾಣಿಗಳು ಬಹುಪಾಲು ಮೇಜಿನ ಮೇಲೆ, ಬೆಂಕಿಗೂಡಿನ ಮೇಲಿನ ಹಲಗೆಯ ಮೇಲೆ ಇಡುವಷ್ಟು ಗಾತ್ರದವು. ಕೊಂಡವರು ವ್ಯಾಪಾರಿಗಳು, ವಕೀಲರು, ಮಧ್ಯಮವರ್ಗದ ಗೃಹಸ್ಥರು. ಅವರಿಗೆಲ್ಲ ಒದಗಿಸಬೇಕಾದರೆ ಒಂದೇ ಮಾದರಿಯಿಂದ ಹತ್ತಾರು, ನೂರಾರು ಪ್ರತಿಗಳು ಬೇಕು. ಮರಳಿನ ಅಚ್ಚಿನ ಎರಕ ಅದನ್ನು ಸಾಧ್ಯ ಮಾಡಿತು. ಮಾದರಿಯನ್ನು ನುಣ್ಣನೆಯ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವುದು, ತೊಡಕಿನ ಆಕಾರವಾದರೆ ಬಿಡಿಬಿಡಿಯಾಗಿ ಎರೆದು ಕೂಡಿಸುವುದು, ಕೂಡಿಸಿದ ಗೆರೆ ಕಾಣದಂತೆ ಉಳಿಯಿಂದ ತಿದ್ದುವುದು. ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಕಾಲದಲ್ಲಿ ಎರಕ, ಅಚ್ಚು, ಮೋಲ್ಡರ್ ಎಂಬ ಮಾತುಗಳು ಹರಿಹರದ ಮನೆಮನೆಯಲ್ಲೂ ಕೇಳುತ್ತಿದ್ದವು. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಆ ವಿದ್ಯೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಎರಕದ ಕೆಲಸದಲ್ಲೇ ಜೀವ ತೇಯ್ದ ನಮ್ಮ ಬಂಧುಗಳೊಬ್ಬರಿಗೆ ಡಾಕ್ಟರ ಹುಲಿಯ ವಿಷಯ ಹೇಳಿದಾಗ ಅವರು ನಕ್ಕು, "ಲೋಹ ಆರಿದ ಮ್ಯಾಲೆ ಕುಗ್ತೈತವ್ವಾ. ಅದಕ್ಕೇ ಮಾದರೀನೇ ಒಂಚೂರು ದೊಡ್ಡದು ಮಾಡ್ತಿದ್ವಿ" ಎಂದರು.

ಸಂಗ್ರಾಹಕರ ವಿದ್ಯೆಯೆಲ್ಲ ಈ ಒಂದು ಮಾತಿನ ಸುತ್ತ ತಿರುಗುತ್ತದೆ ಎಂದರೂ ತಪ್ಪಿಲ್ಲ. ಮೂಲ ಮಾದರಿಯಿಂದಲ್ಲದೆ, ಸಿದ್ಧವಾದ ಕಂಚಿನಿಂದಲೇ ಮತ್ತೆ ಅಚ್ಚು ತೆಗೆದು ಎರೆದರೆ ಆ ಪ್ರತಿ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ; ರೋಮದ ಗೆರೆ, ಕಣ್ಣಿನ ಅಂಚು ಮಬ್ಬಾಗುತ್ತವೆ. ಬಾರೀಯ ವಿಷಯದಲ್ಲಂತೂ ಈ ತೊಡಕು ಹೆಚ್ಚು. 1848ರಲ್ಲಿ ಸಾಲ ತೀರಿಸಲಾಗದೆ ಅವನು ತನ್ನ ಮಾದರಿಗಳನ್ನೇ ಸಾಲ ಕೊಟ್ಟವರಿಗೆ ಒಪ್ಪಿಸಬೇಕಾಯಿತು. ಅವನು ಅವುಗಳನ್ನು ಬಿಡಿಸಿಕೊಳ್ಳುವವರೆಗೆ ಅವನ ಕಣ್ಣಳತೆಯಿಲ್ಲದೆ ಪ್ರತಿಗಳು ಹೊರಬಿದ್ದವು. ಅವನು ತೀರಿಕೊಂಡ ಮೇಲೆ ಹಲವು ಮಾದರಿಗಳನ್ನು ಬಾರ್ಬೆದಿಯೆನ್ ಎರಕಶಾಲೆ ಕೊಂಡು ಮತ್ತೆ ಎರೆಯಿತು. ಹೀಗಾಗಿ ಒಂದೇ ಹುಲಿಗೆ ಹಲವು ದರ್ಜೆಗಳು. ಅವನ ಕಾಲದ್ದು ಒಂದು ಬೆಲೆ, ಬಾರ್ಬೆದಿಯೆನ್ನದು ಇನ್ನೊಂದು, ಕದ್ದು ಎರೆದದ್ದು ಮತ್ತೊಂದು. ಭೂತಗನ್ನಡಿ ಬೇಕಾಗುವುದು ಈ ದರ್ಜೆಗಳನ್ನು ಬೇರ್ಪಡಿಸಲು.

ಡಾಕ್ಟರ ಲೆಕ್ಕದಲ್ಲಿ ಮೊದಲ ಸ್ಥಾನ ನಾಯಿಗಳಿಗೆ. ಅದು ಮೆನ್‌ನ ಕೃತಿ. ಮೆನ್ ಸ್ವಂತ ಎರಕಶಾಲೆ ಇಟ್ಟುಕೊಂಡಿದ್ದವನು, ಕುಸುರಿಯಲ್ಲಿ ಅವನನ್ನು ಮೀರಿಸಿದವರು ಕಡಿಮೆ. ಎರಡನೆಯದು ಇಸಿದೋರ್ ಬಾನರ್‌ನ ಗೂಳಿ. ಕೊನೆಯದು ಹುಲಿ. ಅದು ಬಾರೀಯ ನಡೆಯುವ ಹುಲಿಯ ಪ್ರತಿಯ ಪ್ರತಿ. ಮುದ್ರೆಯಿಲ್ಲ, ಸಹಿ ಮಬ್ಬು. "ಇದು ಲೆಕ್ಕಕ್ಕಿಲ್ಲ ಬಿಡ್ರಿ, ಸುಮ್ನೆ ಇರ್ಲಿ ಅಂತ ಇಟ್ಟೀನಿ" ಎನ್ನುತ್ತಾರೆ.

ನನ್ನ ತಕರಾರು ಶುರುವಾಗುವುದು ಇಲ್ಲೇ. ಮುದ್ರೆಗಳನ್ನು ಮರೆತು ಮೂರನ್ನೂ ಬರೀ ಕಣ್ಣಿಂದ ನೋಡಿದರೆ ಸಾಲು ತಿರುವುಮುರುವಾಗುತ್ತದೆ. ಮೆನ್‌ನ ನಾಯಿಗಳು ಮುದ್ದಾಗಿವೆ, ನಿಜ. ಪಕ್ಕೆಲುಬಿನ ಏರಿಳಿತ, ಮಡಿಸಿದ ಕಿವಿ ಎಲ್ಲವೂ ಚೊಕ್ಕ. ಆದರೆ ಆ ಚೆಂಡನ್ನು ತೆಗೆದುಬಿಡಿ, ನಾಯಿಗಳಿಗೆ ಮಾಡಲು ಕೆಲಸವೇ ಇಲ್ಲ. ಅವು ಹಜಾರದಲ್ಲಿ ಕೂತವರ ಮುಖದಲ್ಲಿ ನಗೆ ತರಿಸಲು ಹುಟ್ಟಿದ ನಾಯಿಗಳು. ಗೂಳಿ ಇದಕ್ಕಿಂತ ಮೇಲು. ಬಾನರ್ ಮನೆಯವರಿಗೆ ದನ ಗೊತ್ತಿತ್ತು. ರೋಸಾ ಬಾನರ್ ಕುದುರೆ ಸಂತೆಗೆ, ಕಸಾಯಿಖಾನೆಗೆ ಹೋಗಿ ಪ್ರಾಣಿಗಳನ್ನು ಬರೆದುಕೊಂಡವಳು. ಅಲ್ಲಿ ಗಂಡಸರ ನಡುವೆ ಓಡಾಡಲು ಷರಾಯಿ ತೊಡಬೇಕು. ಹೆಂಗಸು ಷರಾಯಿ ತೊಡಬೇಕಾದರೆ ಪೊಲೀಸರ ಅಪ್ಪಣೆ ಬೇಕು. 1857ರಲ್ಲಿ ಅವಳು ಪಡೆದ ಅಂಥ ಅಪ್ಪಣೆಚೀಟಿ ಇಂದಿಗೂ ಉಳಿದಿದೆ. ದನದ ಸಂತೆಗೆ ಹೆಂಗಸೊಬ್ಬಳೇ ಹೋದರೆ ಇವತ್ತಿಗೂ ತಿರುಗಿ ನೋಡುವ ನಮ್ಮ ಕಡೆಯವರಿಗೆ ಇದರ ಬೆಲೆ ಗೊತ್ತಾಗಬೇಕು. ಅಂಥ ಅಕ್ಕನ ಜೊತೆ ಬೆಳೆದ ಇಸಿದೋರನ ಗೂಳಿಯಲ್ಲಿ ಇಣಿಯ ಭಾರ, ಗಂಗೆದೊಗಲಿನ ಜೋಲು ಎಲ್ಲ ಸರಿಯಾಗಿವೆ. ಆದರೂ ಅದು ಬಹುಮಾನಕ್ಕೆ ನಿಂತ ಗೂಳಿ, ತನ್ನನ್ನು ನೋಡುತ್ತಿದ್ದಾರೆಂದು ಬಲ್ಲ ಗೂಳಿ.

ಹುಲಿ ಯಾರನ್ನೂ ನೋಡುತ್ತಿಲ್ಲ. ರೋಮ ಮಬ್ಬಾಗಿದೆ, ಪಟ್ಟೆಗಳಂತೂ ಇಲ್ಲವೇ ಇಲ್ಲ. ಆದರೆ ಭುಜದ ಮೂಳೆಯ ಏರು, ಹೊಟ್ಟೆಯ ಇಳಿಜಾರು, ಒಂದು ಪಾದ ಭಾರ ಹೊತ್ತಾಗ ಇನ್ನೊಂದು ಹಗುರಾಗುವ ಪರಿ ಇವಿಷ್ಟೂ ಹಾಗೇ ಉಳಿದಿವೆ. ಪ್ರತಿಯ ಪ್ರತಿಯಲ್ಲೂ ಅಳಿಯದೆ ಉಳಿದ ಈ ನಡಿಗೆಯೇ ಬಾರೀಯ ನಿಜವಾದ ಸಹಿ ಎಂದು ನನ್ನ ಅಭಿಪ್ರಾಯ. ಅವನಿಗೆ ಹೆಸರು ತಂದದ್ದು ಹರಿದು ತಿನ್ನುವ ಹುಲಿ, ಹಾವನ್ನು ತುಳಿದ ಸಿಂಹ, ಭಾರತೀಯನೊಬ್ಬ ಕುಳಿತ ಆನೆ ಹುಲಿಯನ್ನು ಅದುಮುವ ದೃಶ್ಯ ಇಂಥವು. ಅವುಗಳಲ್ಲಿ ಶಕ್ತಿಯಿದೆ, ಜೊತೆಗೆ ಬೆಚ್ಚಗಿನ ಕೋಣೆಯಲ್ಲಿ ಕೂತು ರಕ್ತ ಕಾಣದೆ ಬೇಟೆ ನೋಡುವವರ ಚಪಲವೂ ಇದೆ. ಸುಮ್ಮನೆ ನಡೆಯುವ ಹುಲಿಯಲ್ಲಿ ಆ ಚಪಲಕ್ಕೆ ಏನೂ ಸಿಗುವುದಿಲ್ಲ. ಮುಂದೆ ರೆಂಬ್ರಾಂಟ್ ಬುಗಾಟ್ಟಿ ಎಂಬ ಇಟಲಿಯ ತರುಣ ಪ್ಯಾರಿಸ್ಸಿನಲ್ಲೂ ಆಂಟ್ವರ್ಪ್‌ನ ಮೃಗಾಲಯದಲ್ಲೂ ಪಂಜರದೆದುರೇ ಮಣ್ಣು ಮಿದಿದು ಪ್ರಾಣಿಗಳನ್ನು ಮಾಡಿದ. ಅವನು ಹಿಡಿದದ್ದು ಈ ದಾರಿಯನ್ನೇ. ಅವನ ಪ್ರಾಣಿಗಳು ಕಾದಾಡುವುದಕ್ಕಿಂತ ಹೆಚ್ಚಾಗಿ ನಿಲ್ಲುತ್ತವೆ, ಬಾಗುತ್ತವೆ, ಒಂದನ್ನೊಂದು ಮೂಸುತ್ತವೆ. ಮೊದಲ ಮಹಾಯುದ್ಧದಲ್ಲಿ ಆ ಮೃಗಾಲಯದ ಪ್ರಾಣಿಗಳನ್ನು ಕೊಂದರು. 1916ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಬುಗಾಟ್ಟಿ ತಾನೇ ಪ್ರಾಣ ಕಳೆದುಕೊಂಡ.

ಇನ್ನು ನಮ್ಮ ಕಡೆಗೆ ಬರೋಣ. ಹೋಲಿಕೆಗೆ ಹರಿಹರ, ದಾವಣಗೆರೆ ಸೀಮೆಯ ದೇವರ ಜಗಲಿಗಿಂತ ಬೇರೆ ಜಾಗ ಬೇಕಿಲ್ಲ. ಅಲ್ಲಿ ಹಿತ್ತಾಳೆಯ ಬಸವ ಇರುತ್ತಾನೆ. ಮೈಲಾರಲಿಂಗನ ಒಕ್ಕಲಾದರೆ ಕುದುರೆಯೇರಿದ ಮೈಲಾರ, ಪಕ್ಕದಲ್ಲಿ ಮಾಳವ್ವ, ಕುದುರೆಯ ಕಾಲಬಳಿ ನಾಯಿ. ತುಳುನಾಡಿಗೆ ಹೋದರೆ ಪಂಜುರ್ಲಿಯ ಹಂದಿಮೊಗ. ಇವು ಮರಳಿನಲ್ಲಿ ಎರೆದವಲ್ಲ. ಮೇಣದಲ್ಲಿ ಪ್ರಾಣಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಲೋಹ ಹೊಯ್ಯುವ ಹಳೆಯ ಪದ್ಧತಿಯವು. ನಾಗಮಂಗಲದಲ್ಲಿ ಈ ಕಸುಬಿಗೆ ಹೆಸರಿದೆ. ಲೋಹ ಆರಿದ ಮೇಲೆ ಅಚ್ಚನ್ನು ಒಡೆಯಲೇಬೇಕು. ಹಾಗಾಗಿ ಒಂದು ಮೇಣದ ಬಸವನಿಂದ ಒಬ್ಬನೇ ಬಸವ. ಫ್ರೆಂಚ್ ಸಂಗ್ರಾಹಕ ದುಡ್ಡು ಸುರಿದು ಹುಡುಕುವ 'ಒಂದೇ ಒಂದು ಪ್ರತಿ' ಎಂಬ ಭಾಗ್ಯ ನಮ್ಮ ಜಗಲಿಯ ಮೇಲಿನ ಬಸವನಿಗೆ ಹುಟ್ಟಿನಿಂದಲೇ ಬಂದದ್ದು.

ಡಾಕ್ಟರು ನಮ್ಮ ಬಸವನನ್ನು ನೋಡಿದರೆ ಮೊದಲು ಹೌಹಾರುವುದು ಹುಣಸೆಹಣ್ಣಿಗೆ. ಫ್ರೆಂಚ್ ಕಂಚಿನ ಮೇಲಿನ ಕಂದು, ಹಸಿರು ಬಣ್ಣ ಎರಕಶಾಲೆಯವರು ಆಮ್ಲ, ಕಾವು ಕೊಟ್ಟು ಬರಿಸಿದ ಪದರ. ಅದನ್ನು ಉಜ್ಜಿದರೆ ಬೆಲೆಯೇ ಹೋಯಿತು. ನಮ್ಮಲ್ಲಿ ಹಬ್ಬ ಬಂತೆಂದರೆ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡದಿದ್ದರೆ ಹೆಣ್ಣುಮಕ್ಕಳಿಗೆ ಸಮಾಧಾನವಿಲ್ಲ. ತಲೆಮಾರುಗಳಿಂದ ತಿಕ್ಕಿ ತಿಕ್ಕಿ ಬಸವನ ಕಣ್ಣು ಅಳಿಸಿಹೋಗಿರುತ್ತದೆ, ಕೊರಳ ಗೆಜ್ಜೆ ನುಣ್ಣಗಾಗಿರುತ್ತದೆ. ಇದು ನಷ್ಟವಲ್ಲವೆಂದು ನಾನು ವಾದಿಸುವುದಿಲ್ಲ. ಎರಕದವನು ಆ ಕಣ್ಣನ್ನು ಆಸೆಪಟ್ಟು ಬಿಡಿಸಿದ್ದ. ಆದರೆ ಕಣ್ಣು ಹೋದ ಮೇಲೂ ಒಂದು ಕಾಲು ಮಡಿಸಿ, ಇನ್ನೊಂದನ್ನು ಏಳಲು ಸಿದ್ಧವಾಗಿ ಊರಿ, ಕತ್ತೆತ್ತಿ ಕುಳಿತ ಬಸವನ ಕೂರುವಿಕೆ ಹಾಗೇ ಇದೆ. ಡಾಕ್ಟರ ಹುಲಿಯಲ್ಲಿ ನಡಿಗೆ ಉಳಿದಂತೆ ಇಲ್ಲಿ ಕೂರುವ ಭಂಗಿ ಉಳಿದಿದೆ. ಶಿಲ್ಪದ ಸತ್ವ ಮೇಲ್ಮೈಯಲ್ಲಿಲ್ಲ, ಪ್ರಾಣಿ ತನ್ನ ಭಾರವನ್ನು ಎಲ್ಲಿ ಇಟ್ಟಿದೆ ಎಂಬುದರಲ್ಲಿದೆ. ಇದನ್ನು ನನಗೆ ಕಲಿಸಿದ್ದು ಈ ಎರಡು ಸವೆದ ಪ್ರಾಣಿಗಳು.

ಫ್ರೆಂಚರ ಒಂದು ಹೆಚ್ಚುಗಾರಿಕೆಯನ್ನು ಮಾತ್ರ ಒಪ್ಪಬೇಕು. ನಮ್ಮ ಲೋಹದ ಪ್ರಾಣಿ ಬಹುಮಟ್ಟಿಗೆ ಯಾರದೋ ವಾಹನ. ಬಸವ ಶಿವನಿಗಾಗಿ ಕಾಯುತ್ತಾನೆ, ಕುದುರೆ ಮೈಲಾರನನ್ನು ಹೊತ್ತಿದೆ. ಬಾರೀ ಪ್ರಾಣಿಯನ್ನು ಪ್ರಾಣಿಗಾಗಿಯೇ ಪೀಠದ ಮೇಲೆ ನಿಲ್ಲಿಸಿದ. ಅದು ದೊಡ್ಡ ಕೆಲಸ. ಆದರೂ ಮೈಲಾರನ ಕಾಲಬಳಿಯ ಆ ನಾಯಿಯನ್ನು ಗಮನಿಸಿ ನೋಡಿ. ಅದನ್ನು ಯಾರೂ ಪೂಜಿಸುವುದಿಲ್ಲ, ಅದಕ್ಕೆಂದು ಹೂವಿಲ್ಲ. ಎರಕದವನ ಕೈ ಅಲ್ಲಿ ಸ್ವತಂತ್ರ. ಬೆರಳುದ್ದದ ಆ ನಾಯಿ ಒಡೆಯನ ಮುಖ ನೋಡುತ್ತ ಓಡುವ ರೀತಿಯಲ್ಲಿ, ಮೆನ್‌ನ ಚೆಂಡಾಟದ ನಾಯಿಗಳಿಗಿಂತ ಹೆಚ್ಚಿನ ನಾಯಿತನವನ್ನು ನಾನು ಕಂಡಿದ್ದೇನೆ.

ಹೀಗೆ ಕಂಡ ಒಂದು ಮೈಲಾರನ ಕುದುರೆ ಹರಿಹರದ ನಮ್ಮ ತವರುಮನೆಯದು. ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು. ನಮ್ಮ ಕಡೆ ಪಾಲಿನಲ್ಲಿ ಹಿತ್ತಾಳೆ, ತಾಮ್ರವನ್ನು ತೂಗಿ ಹಂಚುವುದು ರೂಢಿ. ಹಿರಿಯರು ಕೂತರು, ತಕ್ಕಡಿ ಬಂತು. ಒಂದು ತಟ್ಟೆಯಲ್ಲಿ ಹಂಡೆ, ಇನ್ನೊಂದರಲ್ಲಿ ಕೊಡ, ಗಂಗಾಳ, ಸಮೆ. ಹಂಡೆಯ ಕಡೆ ತುಸು ಹೆಚ್ಚಾದಾಗ ಯಾರೋ ಜಗಲಿಯಿಂದ ಕುದುರೆಯನ್ನು ತಂದು ಈಚೆಯ ತಟ್ಟೆಗೆ ಇಟ್ಟರು. ಮುಳ್ಳು ಸಮವಾಯಿತು. ಎಲ್ಲರಿಗೂ ಸಂತೋಷವಾಯಿತು. ಆ ಕುದುರೆಯನ್ನು ನನಗೆ ಕೊಡಿ, ಬೇಕಾದರೆ ಅದರ ತೂಕದ ಎರಡರಷ್ಟು ಹಿತ್ತಾಳೆ ತಂದಿಡುತ್ತೇನೆ ಎಂದೆ. "ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟಾತಲ್ಲ ತಾಯಿ, ಮತ್ತ್ಯಾಕೆ ಪಾಲಿನಾಗೆ ಕೈ ಹಾಕ್ತೀ" ಎಂದರು ಹಿರಿಯರು. ಎರಡು ವರ್ಷದೊಳಗೆ ಆ ಪಾಲಿನ ಹಿತ್ತಾಳೆಯೆಲ್ಲ ಪಾತ್ರೆ ಅಂಗಡಿಗೆ ಹೋಗಿ ಸ್ಟೀಲು ಡಬ್ಬಿಗಳೂ ಒಂದು ಕುಕ್ಕರೂ ಬಂದವು. ಕುದುರೆಯೂ ಹೋಯಿತು, ಅದರ ಕಾಲಬಳಿಯ ನಾಯಿಯೂ ಹೋಯಿತು. ಹುಡುಕಿಕೊಂಡು ಹೋದಾಗ ಅಂಗಡಿಯವರು ಸಾವಧಾನವಾಗಿಯೇ ಹೇಳಿದರು: "ಬಂದ ವಾರದಾಗೇ ಕರಗ್ಸಕ್ಕೆ ಕಳಿಸ್ತೀವಿ ಮೇಡಂ. ತಕ್ಕಡಿಗೆ ದೇವರ ಕುದುರೆ, ಬಚ್ಚಲ ಹಂಡೆ ಎರಡೂ ಒಂದೇ."

ಆ ಮಾತಿನಲ್ಲಿ ಕುಹಕವಿರಲಿಲ್ಲ; ಅದೇ ಈ ಪ್ರಕರಣದ ದುಃಖ. ಅಂದಿನಿಂದ ಡಾಕ್ಟರ ಭೂತಗನ್ನಡಿಯನ್ನು ನಾನು ಹಗುರವಾಗಿ ಕಂಡಿಲ್ಲ. ಅದು ಪ್ರಾಣಿಯನ್ನು ನೋಡದೆ ಮುದ್ರೆಯನ್ನು ನೋಡುತ್ತದೆ, ನಿಜ. ಆದರೆ ಮುದ್ರೆ ನೋಡುವ ನೆಪದಲ್ಲಾದರೂ ಪ್ರಾಣಿಯನ್ನು ಉಳಿಸುತ್ತದೆ. ಅಮೆರಿಕದ ಬಾಲ್ಟಿಮೋರಿನ ವಿಲಿಯಂ ವಾಲ್ಟರ್ಸ್ ಎಂಬ ವ್ಯಾಪಾರಿ ಬಾರೀಯ ಕಂಚುಗಳ ಹುಚ್ಚು ಹಿಡಿಸಿಕೊಂಡದ್ದರಿಂದಲೇ ಇಂದು ಆ ಊರಿನ ವಸ್ತುಸಂಗ್ರಹಾಲಯದಲ್ಲೂ, ಬಯಲು ಚೌಕದಲ್ಲೂ ಅವು ಜನರಿಗೆ ನೋಡಸಿಗುತ್ತವೆ. ನಮ್ಮ ನೆರೆಯ ಹೈದರಾಬಾದಿನ ಸಾಲಾರ್‌ಜಂಗ್ ಸಂಗ್ರಹಾಲಯದಲ್ಲಿ ಶಾಲಾ ಮಕ್ಕಳು ಯುರೋಪಿನ ಕಂಚಿನೆದುರು ನಿಲ್ಲಲು ಸಾಧ್ಯವಾದದ್ದೂ ಒಬ್ಬರ ಸಂಗ್ರಹದ ಹುಚ್ಚಿನಿಂದಲೇ. ಮೈಸೂರು ಅರಮನೆಯ ಅಂಗಳದಲ್ಲಿರುವ ಕಂಚಿನ ಹುಲಿಗಳನ್ನು ಮಾಡಿದವನು ರಾಬರ್ಟ್ ವಿಲಿಯಂ ಕೋಲ್ಟನ್ ಎಂಬ ಇಂಗ್ಲಿಷ್ ಶಿಲ್ಪಿ. ಅವನ ಹೆಸರು ನಮಗೆ ಗೊತ್ತು. ನಮ್ಮ ಕುದುರೆ ಮಾಡಿದವನ ಹೆಸರು ಗೊತ್ತಿಲ್ಲ.

ನಮ್ಮವರಿಗೆ ಹೆಸರಿನ ಹಂಬಲವೇ ಇರಲಿಲ್ಲ ಎಂದು ಹೇಳುವವರಿದ್ದಾರೆ. ಇದು ಪೂರ್ತಿ ನಿಜವಲ್ಲ. ಹೊಯ್ಸಳರ ಕಾಲದ ಮಲ್ಲಿತಮ್ಮ ತಾನು ಕಡೆದ ಕಲ್ಲಿನ ಕೆಳಗೆ ತನ್ನ ಹೆಸರು ಕೊರೆದ. ನಮ್ಮ ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಕಟ್ಟಿಸಿದ ಪೋಲಾಳ್ವ ದಂಡನಾಥನ ಹೆಸರನ್ನು ಶಾಸನ ಉಳಿಸಿಕೊಟ್ಟಿದೆ. ಕಲ್ಲಿಗೆ ದೊರೆತ ಈ ಗೌರವ ಮನೆಯ ಹಿತ್ತಾಳೆಗೆ ದೊರೆಯಲಿಲ್ಲ, ಅಷ್ಟೇ. ಕಲ್ಲನ್ನು ಕರಗಿಸಿ ಕುಕ್ಕರು ಮಾಡಲು ಬರುವುದಿಲ್ಲವಾದ್ದರಿಂದ ಅದು ಉಳಿಯಿತು ಎಂದೂ ಹೇಳಬಹುದು.

ಕಾನೂನು ಇಲ್ಲವೆಂದಲ್ಲ. ನೂರು ವರ್ಷ ದಾಟಿದ ಇಂಥ ಶಿಲ್ಪಗಳನ್ನು 1972ರ ಕಾಯಿದೆ ಪ್ರಾಚೀನ ವಸ್ತುಗಳೆಂದು ಗುರುತಿಸುತ್ತದೆ. ಅವುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ವಿಮಾನ ಹತ್ತುವ ಬಸವನನ್ನು ತಡೆಯುವ ಕಾಯಿದೆ, ಗುಜರಿಯವನ ತಳ್ಳುಗಾಡಿ ಹತ್ತುವ ಬಸವನ ಕಡೆ ಕಣ್ಣು ಹಾಯಿಸಲು ಯಾವ ಅಧಿಕಾರಿಯನ್ನು ಪ್ರತಿ ಓಣಿಗೂ ಕಳಿಸೀತು? ಅಲ್ಲಿ ಕಾಯಬೇಕಾದದ್ದು ಮನೆಯವರ ಕಣ್ಣು.

ಆ ಕಣ್ಣು ತಾನಾಗಿ ಬರುವುದಿಲ್ಲ, ಅದನ್ನು ರೂಢಿಸಬೇಕು. ನಾನು ಎಂಟನೆಯ ತರಗತಿಯ ಮಕ್ಕಳಿಗೆ ದಸರಾ ರಜೆಯಲ್ಲಿ ಒಂದು ಕೆಲಸ ಕೊಡುತ್ತೇನೆ. ಮನೆಯಲ್ಲಿ ಲೋಹದ ಪ್ರಾಣಿ ಯಾವುದಿದ್ದರೂ, ಬಸವ, ನವಿಲಿನ ದೀಪ, ಆನೆಯ ಕಾಲಿನ ಸಮೆ, ಅದನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆಯಬೇಕು. ಯಾರು ತಂದದ್ದು, ಯಾವ ಜಾತ್ರೆಯಲ್ಲಿ ಕೊಂಡದ್ದು ಎಂದು ಅಜ್ಜಿಯನ್ನು ಕೇಳಿ ಕೆಳಗೆ ಬರೆಯಬೇಕು. ಇನ್ನೂ ಮೂರು ಪ್ರಶ್ನೆಗಳಿರುತ್ತವೆ. ಪ್ರಾಣಿಯ ಭಾರ ಯಾವ ಕಾಲಿನ ಮೇಲಿದೆ? ಅದು ಏನನ್ನು ನೋಡುತ್ತಿದೆ? ದೇವರನ್ನೋ ಸವಾರನನ್ನೋ ಚೆಂಡನ್ನೋ ತೆಗೆದರೆ ಅದು ಇನ್ನೂ ಪ್ರಾಣಿಯಾಗಿ ಉಳಿಯುತ್ತದೆಯೇ? ಬಾರೀಯ ಹುಲಿಗೂ ಮೆನ್‌ನ ನಾಯಿಗೂ ನಾನು ಕೇಳಿದ ಪ್ರಶ್ನೆಗಳು ಇವೇ. ಎಂಟನೆಯ ತರಗತಿಯ ಮಕ್ಕಳು ಇವಕ್ಕೆ ಉತ್ತರಿಸುವಾಗ ತಡವರಿಸುವುದಿಲ್ಲ. ಚಿತ್ರ ಬರೆಯುವಾಗಲೇ ಬೆರಳಿಗೆ ಉತ್ತರ ಗೊತ್ತಾಗಿರುತ್ತದೆ.

ಇದರಿಂದ ಎಷ್ಟು ಬಸವಗಳು ಉಳಿದವು ಎಂಬ ಲೆಕ್ಕ ನನ್ನ ಬಳಿ ಇಲ್ಲ. ಆದರೆ ಹೋದ ವರ್ಷ ಒಬ್ಬ ಹುಡುಗಿ ನೋಟುಪುಸ್ತಕ ಒಪ್ಪಿಸುವಾಗ, "ಪಾತ್ರೆ ಅಂಗಡಿಗೆ ಹೋಗೋ ಚೀಲದಾಗಿತ್ತು ಮಿಸ್, ಬರ್ಕೊಂಡ ಮ್ಯಾಲೆ ವಾಪಸ್ ಇಟ್ಕೊಂಡ್ವಿ" ಎಂದಳು. ಪುಟದಲ್ಲಿ ಕಣ್ಣು ಸವೆದ ಒಂದು ಬಸವ. ಮಡಿಸಿದ ಕಾಲು ಯಾವುದು, ಊರಿದ ಕಾಲು ಯಾವುದು ಎಂಬುದನ್ನು ಅವಳು ತಪ್ಪಿಲ್ಲದೆ ಬರೆದಿದ್ದಳು.